ಕೂಗು ಬಾರದ ಮೇಷ್ಟರ ಕರಾಟೆ

ಹತ್ತಾರು ಜನ ಬಿಳಿ ಬಟ್ಟೆ ತೊಟ್ಟು, ಚಪ್ಪಲಿ ಬಿಟ್ಟು, ಸಾಲಾಗಿ ನಿಂತು ಗಾಳಿಗೆ ಗುದ್ದತೊಡಗಿದರೆ ಅಲ್ಲಿ ಏನಾದರೊಂದು ಆಗದೆ ಇರುವುದಿಲ್ಲ. ಬೇರೆ ಊರಿನ ಕರಾಟೆ ಕ್ಲಬ್ಬುಗಳ ವಿಷಯ ನನಗೆ ಗೊತ್ತಿಲ್ಲ. ಚಳ್ಳಕೆರೆಯ ನಮ್ಮ ಕ್ಲಬ್ಬಿನಲ್ಲಂತೂ ವಾರಕ್ಕೊಂದು ಆಗುತ್ತದೆ, ಕೆಲವು ವಾರ ಎರಡೂ ಆಗುವುದುಂಟು. ಕೇಳಿದ್ದನ್ನು ಬಿಟ್ಟು ನಾನು ಕಂಡದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಕಂಡದ್ದೇ ಬೇಕಾದಷ್ಟಿದೆ.

ಸೀರೆ ಅಂಗಡಿಯಲ್ಲಿ ಪ್ರವೇಶ

ನಾನು ಏಳನೇ ತರಗತಿಗೆ ಗಣಿತ ಹೇಳುವ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ನನ್ನ ಧ್ವನಿ ಕುಗ್ಗಿಹೋಯಿತು. ಮೊದಲೂ ದೊಡ್ಡ ಧ್ವನಿಯಾಗಿರಲಿಲ್ಲ, ಆದರೆ ಕೊನೆಯ ಬೆಂಚಿನವರೆಗೆ ಮುಟ್ಟುತ್ತಿತ್ತು. ಆಮೇಲೆ ಮೇಜಿನ ಅಂಚಿಗೇ ನಿಂತುಬಿಡತೊಡಗಿತು. ಡಾಕ್ಟರು ಟಾರ್ಚು ಹಾಕಿ ನೋಡಿ ಗಂಟಲು ಚೆನ್ನಾಗಿದೆ ಎಂದರು. ಮಕ್ಕಳ ಮನೆಯವರು ಬಂದು ಹೆಡ್‌ಮೇಡಂ ಹತ್ತಿರ ಹೇಳಿಕೊಂಡರು, ಪಾಠ ಕೇಳಿಸುತ್ತಿಲ್ಲವಂತೆ ಎಂದು.

ಹೆಡ್‌ಮೇಡಂ ಒಳ್ಳೆಯವರು. ಮುಂದಿನ ಆಷಾಢ ಮುಗಿಯುವವರೆಗೆ ನೋಡುತ್ತೇನೆ, ಅಷ್ಟರಲ್ಲಿ ಧ್ವನಿ ಬಾರದಿದ್ದರೆ ಏಳನೇ ಕ್ಲಾಸನ್ನು ಬೇರೆಯವರಿಗೆ ಕೊಟ್ಟು ನಿಮ್ಮನ್ನು ಆಫೀಸು ಕೆಲಸಕ್ಕೆ ಕೂರಿಸಬೇಕಾಗುತ್ತದೆ ಎಂದು ತಲೆ ತಗ್ಗಿಸಿಕೊಂಡು ಹೇಳಿದರು. ನನಗೆ ಆಗ ಉಳಿದಿದ್ದದ್ದು ಆ ಕ್ಲಾಸು ಒಂದೇ. ಅದನ್ನು ಅವರಿಗೆ ಹೇಳಲಿಲ್ಲ, ಅವರಿಗೂ ಗೊತ್ತಿತ್ತು. ಕರಾಟೆಗೆ ಸೇರಿ ಎಂದು ದಾರಿ ತೋರಿಸಿದವರೂ ಅವರೇ. ಅವರ ಮಗಳು ಅಲ್ಲಿ ಕಲಿಯುತ್ತಿದ್ದಳು. "ಇವಳು ಸೇರಿದ ಮ್ಯಾಲೆ ಅಕ್ಕಪಕ್ಕದೋರು ಕಿಟಕಿ ಹಾಕ್ಕೊಂತಾರೆ ಮೇಷ್ಟ್ರೇ" ಎಂದರು. ಗುದ್ದಿನ ಜೊತೆಗೆ ಹೊಟ್ಟೆಯಿಂದ ಒಂದು ಕೂಗು ಹಾಕಬೇಕಂತೆ. ಆ ಕೂಗಿಲ್ಲದೆ ಬೆಲ್ಟು ಇಲ್ಲವಂತೆ. ನೀವು ಹಳದಿ ಬೆಲ್ಟು ತಂದುಬಿಟ್ಟರೆ ನಾನು ಬೇರೇನೂ ಕೇಳುವುದಿಲ್ಲ, ಕ್ಲಾಸು ನಿಮ್ಮದೇ ಎಂದರು.

ಕರಾಟೆ ಮಾಸ್ಟರು ಮೊಳಕಾಲ್ಮೂರಿನ ನೇಕಾರರ ಮನೆಯವರು. ಚಳ್ಳಕೆರೆಯ ಪೇಟೆಯಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟಿದ್ದಾರೆ. ನಾನು ಹೋದಾಗ ಮದುವೆ ಜವಳಿಗೆ ಬಂದವರ ಮುಂದೆ ಕೂತು ಸೀರೆ ಬಿಡಿಸುತ್ತಿದ್ದರು. ಸೆರಗು ತೋರಿಸುವಾಗ ಅವರ ಮಾತು ಆ ಸೆರಗಿಗಿಂತ ನುಣುಪು. ನನ್ನ ಕತೆ ಕೇಳಿ, ಅದೇ ನುಣುಪಿನಲ್ಲಿ, ಇಲ್ಲೇ ಒಂದು ಸಲ ಕೂಗಿ ತೋರಿಸಿ, ಎಷ್ಟಿದೆಯೋ ನೋಡೋಣ ಎಂದರು. ನಾನು ಬಾಗಿಲ ಕಡೆ ನೋಡಿ, ಯಾರೂ ಬರುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ.

ಮದುಮಗಳ ತಾಯಿ ಸೀರೆಯಿಂದ ತಲೆಯೆತ್ತಿ, "ಪಾಪ, ಬಿಕ್ಕಳಿಕೆ ಬಂತು ಅವರಿಗೆ, ಒಂದು ಲೋಟ ನೀರು ಕೊಡ್ರಿ" ಎಂದರು.

ಎಣ್ಣೆ ಕುಡಿದ ನೆಲ

ಕ್ಲಬ್ಬು ನಡೆಯುವುದು ನಿಂತುಹೋದ ಒಂದು ಶೇಂಗಾ ಎಣ್ಣೆ ಮಿಲ್ಲಿನ ಗೋದಾಮಿನಲ್ಲಿ. ಮಿಲ್ಲು ನಿಂತು ಎಷ್ಟೋ ಕಾಲವಾದರೂ ನೆಲ ಮಾತ್ರ ಕುಡಿದ ಎಣ್ಣೆಯನ್ನು ಬಿಟ್ಟುಕೊಟ್ಟಿಲ್ಲ. ಬೂದಿ, ಸೋಪಿನ ಪುಡಿ, ಮರಳು ಎಲ್ಲ ಹಾಕಿ ತಿಕ್ಕಿದ್ದಾಗಿದೆ. ಬಿಸಿಲೇರಿದರೆ ಸಿಮೆಂಟು ತಾನಾಗಿ ಬೆವರುತ್ತದೆ. ನಮ್ಮವರಿಗೆ ಇದು ಅಭ್ಯಾಸ. ಕಾಲ್ಬೆರಳಿನಿಂದ ನೆಲವನ್ನು ಕಚ್ಚಿ ಹಿಡಿದು ನಿಲ್ಲುತ್ತಾರೆ. ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೂ ಅದೇ. ನನಗೂ ಮೊದಲ ತಿಂಗಳು ಅದೊಂದೇ ಪಾಠವಾಯಿತು.

ಒಮ್ಮೆ ದಾವಣಗೆರೆ ಕಡೆಯ ಒಬ್ಬ ಬ್ಲ್ಯಾಕ್ ಬೆಲ್ಟಿನವರನ್ನು ಕರೆಸಿದ್ದರು. ಬಾಗಿಲು ತುಂಬುವಂಥ ಆಳು. ಮಾಸ್ಟರು ಸಂಭ್ರಮದಲ್ಲಿ ನೆಲದ ವಿಷಯ ಹೇಳುವುದನ್ನೇ ಮರೆತರು. ಬಂದವರು, ಎತ್ತರದ ಒದೆ ಹೇಗಿರಬೇಕು ಎಂದು ತೋರಿಸುತ್ತೇನೆ, ಕಣ್ಣು ಮಿಟುಕಿಸಬೇಡಿ ಎಂದರು. ನಾವು ಮಿಟುಕಿಸಲಿಲ್ಲ. ಬಲಗಾಲು ಕಿವಿಯ ಮಟ್ಟಕ್ಕೆ ಹೋಯಿತು. ಎಡಗಾಲು ಬೇರೆ ಕಡೆ ಹೋಯಿತು. ಕೂತವರು ಕೂತ ಹಾಗೆಯೇ, ಮುಖದ ಗಾಂಭೀರ್ಯ ಒಂದಿಷ್ಟೂ ಕೆಡದಂತೆ, ನಮ್ಮ ಸಾಲಿನ ಮುಂದೆ ಹಾದು, ಬಾಗಿಲು ದಾಟಿ, ಅಂಗಳದ ಹಳೆಯ ಹಿಂಡಿ ಚೀಲಗಳ ಹತ್ತಿರ ನಿಂತರು.

ಮಕ್ಕಳು ಚಪ್ಪಾಳೆ ತಟ್ಟಿದರು. ಅವರು ಎದ್ದು ಬಟ್ಟೆ ಕೊಡವಿಕೊಂಡು ಬಾಗಿ ನಮಸ್ಕಾರ ಮಾಡಿದರು, ಬೇರೇನು ಮಾಡುತ್ತಾರೆ. ಆಗ ಮುಂದಿನ ಸಾಲಿನ ಚಿಕ್ಕ ಹುಡುಗಿಯೊಬ್ಬಳು ಕೈಯೆತ್ತಿ ಕೇಳಿದಳು: "ಸಾರ್, ಆ ಕುಂತ್ಕೊಂಡ್ ಹೋಗೋದನ್ನ ಯಾವ ಬೆಲ್ಟಿಗೆ ಹೇಳ್ಕೊಡ್ತಾರೆ?"

ಮುಂಗಡ ಕ್ಷಮೆ

ಮಕ್ಕಳನ್ನು ಬಿಡಲು ಬಂದು ಮೆಟ್ಟಿಲ ಮೇಲೆ ಕಾಯುತ್ತಿದ್ದ ತಾಯಂದಿರು, ಕೂತು ಕೂತು ಬೇಸರವಾಗಿ, ತಾವೂ ಕಲಿಯತೊಡಗಿದ್ದರು. ದೊಡ್ಡವರೆಂದರೆ ಅವರೇ ಆದ್ದರಿಂದ ಮಾಸ್ಟರು ನನ್ನನ್ನೂ ಅವರ ಜೊತೆಗೇ ಹಾಕಿದರು. ನನ್ನ ಜೋಡಿಗೆ ಸಿಕ್ಕವರು ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಅಂಗಡಿ ನಡೆಸುವವರು. ಎಲ್ಲರೂ ಅವರನ್ನು ಮಂಡಕ್ಕಿ ಅಕ್ಕ ಎನ್ನುತ್ತಾರೆ. ಅವರ ಮಗ ನನ್ನ ಕ್ಲಾಸಿನಲ್ಲೇ ಇದ್ದಾನೆ.

ಒದೆಯ ಅಭ್ಯಾಸ ಶುರುವಾಯಿತು. ಅಕ್ಕ ನನ್ನ ಪಕ್ಕೆಗೆ ಒಂದು ಒದ್ದರು. ಒದ್ದವರೇ, ಮೇಷ್ಟರಿಗೆ ಕಾಲು ತಾಗಿಸಿದೆನಲ್ಲಪ್ಪಾ ಎಂದು ನನ್ನ ಪಕ್ಕೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಸರದಿ. ನನ್ನ ಕಾಲು ಅವರ ಮೊಣಕೈಗೆ ಸೋಕಿತು. ಸೋಕಿದ ಮೇಲೆ ಸುಮ್ಮನಿರುವುದು ಹೇಗೆ, ನಾನೂ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಸುತ್ತ ನೋಡಿದರೆ ಇಡೀ ಬ್ಯಾಚು ಅದೇ ಕೆಲಸದಲ್ಲಿತ್ತು. ಒದೆಯುವುದಕ್ಕೆ ಹಿಡಿಯುವ ಹೊತ್ತಿಗಿಂತ ಕಣ್ಣಿಗೊತ್ತಿಕೊಳ್ಳುವುದಕ್ಕೇ ಹೆಚ್ಚು ಹೊತ್ತು ಹೋಗುತ್ತಿತ್ತು.

ಮಾಸ್ಟರು ತಲೆ ಹಿಡಿದುಕೊಂಡು ಕೂತರು. ಬೇಡವೆಂದರೆ ಯಾರೂ ಒದೆಯಲು ಒಪ್ಪಲಿಲ್ಲ. ಕೊನೆಗೆ ಒಂದು ಏರ್ಪಾಡಾಯಿತು. ತರಗತಿ ಶುರುವಾಗುವ ಮುನ್ನ ಎಲ್ಲರೂ ಎಲ್ಲರನ್ನೂ ಒಂದು ಸಲ ಮುಟ್ಟಿ ನಮಸ್ಕಾರ ಮಾಡಿಬಿಡುವುದು. ಆ ದಿನದ ಒದೆಗಳಿಗೆಲ್ಲ ಮುಂಗಡವಾಗಿ ಅದೇ ಕ್ಷಮೆ. ಇದು ಚೆನ್ನಾಗಿ ನಡೆಯಿತು. ಈಗಲೂ ನಡೆಯುತ್ತಿದೆ.

ತೊಂದರೆಯಾದದ್ದು ರಾಂಪುರದ ಕ್ಲಬ್ಬಿನ ಜೊತೆ ಸ್ನೇಹದ ಪಂದ್ಯ ಏರ್ಪಟ್ಟಾಗ. ಎದುರಾಳಿಗೆ ಮುಂಗಡ ಕೊಡುವುದನ್ನು ಯಾರೂ ಯೋಚಿಸಿರಲಿಲ್ಲ. ಮಂಡಕ್ಕಿ ಅಕ್ಕನ ಎದುರು ನಿಂತದ್ದು ರಾಂಪುರದ ಒಬ್ಬ ಗಟ್ಟಿ ಹೆಂಗಸು. ಅಕ್ಕನ ಒದೆ ಸೊಗಸಾಗಿ ಬಿತ್ತು. ಅದೇ ಗಳಿಗೆಯಲ್ಲಿ ಆಕೆಯದೂ ಅಕ್ಕನಿಗೆ ಬಿತ್ತು. ಇಬ್ಬರೂ ಒಟ್ಟಿಗೇ ಬಾಗಿದರು, ಒಬ್ಬರನ್ನೊಬ್ಬರು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು. ತಲೆಗೆ ತಲೆ ಬಡಿದ ಸದ್ದು ನನಗೂ ಕೇಳಿಸಿತು. ತಲೆಯಿಂದ ಹೊಡೆಯುವುದು ನಿಯಮಕ್ಕೆ ವಿರುದ್ಧ ಎಂದು ರೆಫರಿ ಇಬ್ಬರನ್ನೂ ಹೊರಗೆ ಕಳುಹಿಸಿದರು.

ಇಬ್ಬರೂ ಬೇವಿನ ಮರದ ಕೆಳಗೆ ಹಣೆ ಉಜ್ಜಿಕೊಳ್ಳುತ್ತ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ರೆಫರಿಗೆ ಮನಸ್ಸು ಕರಗಿ, ಮತ್ತೆ ಆಡಿಸೋಣವೆಂದು ಅತ್ತ ಹೋದರು. ನೋಡಿದರೆ ಇಬ್ಬರೂ ಎದುರುಬದುರು ಕೂತು, ಒಬ್ಬರ ಭುಜ ಒಬ್ಬರು ಹಿಡಿದು, ಬೇಕೆಂದೇ ಇನ್ನೊಂದು ಸಲ ತಲೆಗೆ ತಲೆ ತಾಗಿಸುತ್ತಿದ್ದರು. ರಾಂಪುರದವರು ರೆಫರಿಯ ಮುಖ ನೋಡಿ ವಿವರಿಸಿದರು: "ಒಂದೇ ಸಲಕ್ಕೆ ಬಿಟ್ರೆ ಕೊಂಬು ಬರ್ತಾವಲ್ಲ ಸಾರ್."

ಬಿಳಿ ಬಟ್ಟೆಯವರು

ಹೊಸಬರನ್ನು ಸೇರಿಸಿಕೊಳ್ಳಲು ಮಾಸ್ಟರು ಹಳ್ಳಿಗಳಲ್ಲಿ ಪ್ರದರ್ಶನ ಇಡುತ್ತಿದ್ದರು. ನನ್ನಿವಾಳದಲ್ಲಿ ಆಯಿತು, ಆಮೇಲೆ ಕುದಾಪುರದಲ್ಲಿ. ಕುದಾಪುರದ ಸುತ್ತ ವಿಜ್ಞಾನದ, ಬಾಹ್ಯಾಕಾಶದ ದೊಡ್ಡ ದೊಡ್ಡ ಕೇಂದ್ರಗಳು ಬಂದಿರುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಕಾಂಪೌಂಡಿನ ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿಲ್ಲ. ನಾವು ಬಿಳಿ ಬಟ್ಟೆಯಲ್ಲಿ ಸಾಲಾಗಿ ಬಸ್ಸಿನಿಂದ ಇಳಿದಾಗ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜ ಎದ್ದು ನಿಂತು ಕೈ ಮುಗಿದರು. ರಾಕೆಟ್ಟು ಯಾವಾಗ ಬಿಡುತ್ತೀರಿ ಎಂದು ಕೇಳಿದರು. ಕುರಿಗಳು ಬೆದರುತ್ತವೆ, ಮುಂಚೆ ಹೇಳಿದರೆ ಬೇರೆ ಕಡೆ ಹೊಡೆದುಕೊಂಡು ಹೋಗುತ್ತೇವೆ ಎಂಬುದು ಅವರ ಕಾಳಜಿ.

ನಾವು ಆ ವಿಜ್ಞಾನಿಗಳಲ್ಲ ಎಂದು ನಾನು ವಿವರವಾಗಿ ಹೇಳಿದೆ. ನನ್ನ ಧ್ವನಿ ಅವರಿಗೆ ಕೇಳಿಸಲಿಲ್ಲ. ಅಜ್ಜ ಪ್ರದರ್ಶನ ಪೂರ್ತಿ ನೋಡಿದರು. ಮಕ್ಕಳು ಮೇಲಕ್ಕೆ ಹಾರಿ ಹಾರಿ ಒದ್ದದ್ದನ್ನು ಬಹಳ ಗಮನ ಕೊಟ್ಟು ನೋಡಿದರು. ಮುಗಿದ ಮೇಲೆ ಪಕ್ಕದವನ ಕಡೆ ತಿರುಗಿ, "ಬೆಂಕಿ ಗಿಂಕಿ ಏನೂ ಇಲ್ಲ ಕಣ್ಲೇ, ಒದ್ದೇ ಕಳಿಸ್ತಾರೆ ಮ್ಯಾಲಕ್ಕೆ" ಎಂದರು.

ಹುಲ್ಲುಗಾವಲಿನಲ್ಲಿ ಒಂದು ಬೆಳಿಗ್ಗೆ

ಆಷಾಢ ಹತ್ತಿರ ಬಂತು. ನನ್ನ ಗುದ್ದು ನೇರವಾಗಿತ್ತು, ನಿಲುವು ಅಳತೆ ಹಿಡಿದ ಹಾಗಿತ್ತು, ಗಣಿತದ ಮೇಷ್ಟರಾದ್ದರಿಂದ ಕೋನಗಳಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಕೂಗು ಮಾತ್ರ ಬರಲಿಲ್ಲ. ಬ್ಯಾಚಿನ ತಾಯಂದಿರಿಗೆ ನನಗಿಂತ ಹೆಚ್ಚು ಚಿಂತೆ. ಒಬ್ಬರು ಕರಿಮೆಣಸಿನ ಕಷಾಯ ತಂದರು, ಇನ್ನೊಬ್ಬರು ಜ್ಯೇಷ್ಠಮಧು ತಂದರು. ಮಂಡಕ್ಕಿ ಅಕ್ಕ ನನ್ನನ್ನು ನೀರಿನ ಘಟಕದ ಸಾಲಿಗೆ ಕರೆದುಕೊಂಡು ಹೋಗಿ, ಇಲ್ಲಿ ನಿಂತು ಯಾರ ಜೊತೆಗಾದರೂ ಜಗಳ ಆಡಿ, ತಾನಾಗಿ ಬರುತ್ತದೆ ಎಂದರು. ನಾನು ಯೋಗ್ಯರಾದವರನ್ನು ಹುಡುಕುತ್ತ ನಿಂತೆ. ಅಷ್ಟರಲ್ಲಿ ನಾಲ್ಕಾರು ಜನ ನನ್ನ ಮುಂದೆ ಕೊಡ ಇಟ್ಟರು. ಅವರಿಗೆಲ್ಲ ಅವಸರವಿತ್ತು, ನನಗಿರಲಿಲ್ಲ, ಆದ್ದರಿಂದ ಜಾಗ ಬಿಟ್ಟೆ.

ಜನರ ನಡುವೆ ನಾಚಿಕೆಯಾಗುತ್ತಿರಬಹುದು ಎಂದು ಮಾಸ್ಟರಿಗೆ ಅನ್ನಿಸಿತು. ಒಂದು ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಕುದಾಪುರದ ಆಚೆಯ ಹುಲ್ಲುಗಾವಲಿಗೆ ಕರೆದೊಯ್ದರು. ಕಣ್ಣು ಹಾಯುವಷ್ಟು ದೂರ ಒಣ ಹುಲ್ಲು, ಮೇಲೆ ಆಕಾಶ. ದಿಗಂತದ ಹತ್ತಿರ ಒಬ್ಬ ಕುರಿಗಾಹಿ, ಕಡ್ಡಿಯಷ್ಟು ಕಾಣುತ್ತಿದ್ದ. ಮಾಸ್ಟರು, ಇಲ್ಲಿ ಕೇಳಲು ಯಾರೂ ಇಲ್ಲ, ಬಲಗೈ ಗುದ್ದಿ ಕೂಗಿ ಎಂದು ಹೇಳಿ ತಾವೂ ದೂರ ಹೋಗಿ ಬೆನ್ನು ತಿರುಗಿಸಿ ನಿಂತರು. ನಾನು ಕಾಲು ಊರಿ, ಕೈ ಮುಂದೆ ಚಾಚಿ, ಬಾಯಿ ಪೂರ್ತಿ ತೆರೆದು ಕೂಗಿದೆ. ಇನ್ನೊಂದು ಸಲ ಕೂಗಿದೆ. ಮಾಸ್ಟರು ತಿರುಗಿ, ಶುರು ಮಾಡಿ ಮೇಷ್ಟ್ರೇ ಎಂದರು.

ಆದರೆ ದಿಗಂತದಲ್ಲಿದ್ದ ಕುರಿಗಾಹಿ ಓಡಿಬರತೊಡಗಿದ್ದ. ಹಿಂದೆ ಕುರಿಗಳೂ ಓಡಿಬರುತ್ತಿದ್ದವು. ನನಗೆ ಎಂಥ ಸಂತೋಷವಾಯಿತೆಂದರೆ, ಅವನು ಹತ್ತಿರ ಬರುವ ತನಕ ನಿಂತಲ್ಲೇ ನಿಂತಿದ್ದೆ. ಮಾಸ್ಟರೂ ನನ್ನ ಕೈ ಹಿಡಿದುಕೊಂಡರು. ಅವನು ಏದುಸಿರು ಬಿಡುತ್ತ ಬಂದು, ಏನಾಯಿತು, ಹಾವು ಕಚ್ಚಿತಾ ಎಂದು ಕೇಳಿದ.

"ನನ್ನ ಕೂಗು ನಿಮಗೆ ಕೇಳಿಸ್ತಾ?" ಎಂದೆ.

"ಕೇಳಿಸ್ಲಿಲ್ಲ" ಎಂದ. "ಬಾಯಿ ಬಿಟ್ಟಿದ್ದು ಕಾಣಿಸ್ತು."

ಆಷಾಢದ ಮಂಟಪ

ಬೆಲ್ಟಿನ ಪರೀಕ್ಷೆ ಮೊಳಕಾಲ್ಮೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲದೆ ಮಂಟಪ ಖಾಲಿ ಬಿದ್ದಿರುತ್ತದೆ, ಅದಕ್ಕೇ ಸಿಕ್ಕಿತ್ತು. ನಾವು ಸೂರ್ಯ ಮೇಲೇರುವ ಮೊದಲೇ ಬಸ್ಸು ಹಿಡಿದೆವು. ಮಕ್ಕಳು, ತಾಯಂದಿರು, ಮಂಡಕ್ಕಿಯ ಚೀಲ, ಮಗಳ ಜೊತೆ ಬಂದ ಹೆಡ್‌ಮೇಡಂ. ಮೊಳಕಾಲ್ಮೂರಿನಲ್ಲಿ ಮಾಸ್ಟರ ತಾಯಿ ಎಲ್ಲರಿಗೂ ಉಪ್ಪಿಟ್ಟು ಮಾಡಿಟ್ಟು ಬಾಗಿಲಲ್ಲಿ ಕಾಯುತ್ತಿದ್ದರು. ಆಷಾಢ ಮುಗಿಯಲು ಇನ್ನು ಕೆಲವೇ ದಿನಗಳಿದ್ದವು. ಹೆಡ್‌ಮೇಡಂ ನನ್ನ ಕಡೆ ನೋಡುತ್ತಿರಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ.

ಪರೀಕ್ಷಕರು ಬಳ್ಳಾರಿ ಕಡೆಯ ಹಿರಿಯರು, ನಗು ಕಂಡರಿಯದ ಮುಖ. ಮದುವೆಯ ವೇದಿಕೆಯ ಮೇಲೆ, ಹಳೆಯ ಪ್ಲಾಸ್ಟಿಕ್ ಹೂವಿನ ಚಪ್ಪರದ ಕೆಳಗೆ, ವಧುವರರ ಜೋಡಿ ಕುರ್ಚಿಯಲ್ಲಿ ಒಂದರ ಮೇಲೆ ಕೂತಿದ್ದರು. ಹಿಂದಿನ ಊಟದ ಹಾಲಿನಲ್ಲಿ ಊರಿನ ವಾಲಗದವರು ಕೂತು ಡೋಲಿನ ಚರ್ಮ ಬಿಗಿಯುತ್ತಿದ್ದರು. ಅವರಿಗೂ ಆಷಾಢ ಬಿಡುವಿನ ತಿಂಗಳು. ಆಗೊಮ್ಮೆ ಈಗೊಮ್ಮೆ ನಾಗಸ್ವರದ ಎಳೆ ಕೇಳಿಬರುತ್ತಿತ್ತು.

ಎಲ್ಲರೂ ಪಾಸಾದರು. ಮಂಡಕ್ಕಿ ಅಕ್ಕನ ಕೂಗಿಗೆ ಚಪ್ಪರದಿಂದ ಒಂದು ಪ್ಲಾಸ್ಟಿಕ್ ಹೂವು ಕಳಚಿ ಬಿತ್ತು. ಕೊನೆಗೆ ನನ್ನನ್ನು ವೇದಿಕೆಗೆ ಕರೆದರು. ನಿಲುವು, ಗುದ್ದು, ತಡೆ, ಒದೆ ಎಲ್ಲಕ್ಕೂ ಪರೀಕ್ಷಕರು ತಲೆಯಾಡಿಸಿದರು. ಕೊನೆಯ ಗುದ್ದಿಗೆ ಕೂಗು ಬರಬೇಕು. ಬರಲಿಲ್ಲ. ಇನ್ನೊಂದು ಅವಕಾಶ ಕೊಟ್ಟರು. ಬರಲಿಲ್ಲ. ಇದೇ ಕಡೆಯದು ಎಂದು ಹೇಳಿ ಬೆರಳೆತ್ತಿದರು. ಮಾಸ್ಟರು ಕೆಳಗಿನಿಂದ, ಜೀವನದಲ್ಲಿ ಯಾವತ್ತಾದರೂ ಕೂಗಿದ್ದೀರಲ್ಲ, ಅದನ್ನು ನೆನೆಸಿಕೊಂಡು ಬಿಡಿ ಎಂದರು.

ನಾನು ಗುದ್ದಿದೆ, ಬಾಯಿ ತೆರೆದೆ, ಹೊಟ್ಟೆಯ ಆಳದಿಂದ ಮಂಟಪದ ಗೋಡೆಗೆಲ್ಲ ಬಡಿಯುವಂತೆ ಹೊರಬಂತು:

"ಗಟ್ಟಿಮೇಳ!"

ಹಿಂದಿನ ಹಾಲಿನಲ್ಲಿ ಡೋಲು ಸಿಡಿಯಿತು. ಆ ಮಾತು ಕಿವಿಗೆ ಬಿದ್ದರೆ ವಾಲಗದವರ ಕೈ ಅವರ ಮಾತನ್ನು ಕೇಳುವುದಿಲ್ಲ. ನಾಗಸ್ವರ ಏರಿತು, ತಾಳ ಏರಿತು. ಬಾರಿಸುತ್ತಲೇ ಎಲ್ಲರೂ ಬಾಗಿಲು ದಾಟಿ ವೇದಿಕೆಯ ಕಡೆ ಓಡಿಬಂದರು. ಬ್ಯಾಚಿನ ತಾಯಂದಿರೂ ಅಷ್ಟೇ. ಗಟ್ಟಿಮೇಳ ಕೇಳಿದ್ದೇ ತಡ, ಕೈಗೆ ಸಿಕ್ಕ ಮಂಡಕ್ಕಿಯನ್ನು ಅಕ್ಷತೆಯ ಹಾಗೆ ವೇದಿಕೆಗೆ ಎರಚಿದರು. ಪರೀಕ್ಷಕರ ತಲೆಯ ಮೇಲೂ ಬಿತ್ತು.

ಅದೇಕೆ ಆ ಮಾತೇ ಬಂತೆಂದರೆ, ನಾನು ಕೂಗಿದ್ದದ್ದು ಅದೊಂದೇ. ನನ್ನ ಮದುವೆಯಲ್ಲಿ ಪುರೋಹಿತರ ಗಂಟಲು ಕಟ್ಟಿತ್ತು. ಮುಹೂರ್ತಕ್ಕೆ ಬೆರಳೆತ್ತಿದರು, ವಾಲಗದವರು ಕಾಫಿ ಬರುವ ಬಾಗಿಲು ನೋಡುತ್ತಿದ್ದರು. ನಾನು ತಾಳಿ ಹಿಡಿದು ನಿಂತಿದ್ದೆ. ತಲೆ ಬಗ್ಗಿಸಿದ್ದ ಅವಳು, ಕುತ್ತಿಗೆ ನೋಯ್ತಾ ಐತೆ, ಬೇಗ ಏನಾದರೂ ಮಾಡಿ ಎಂದು ಪಿಸುಗುಟ್ಟಿದಳು. ಮದುಮಗನೇ ತನ್ನ ಗಟ್ಟಿಮೇಳ ಕೂಗಿಕೊಂಡ. ಮನೆಗೆ ಬಂದವರಿಗೆಲ್ಲ ಅವಳು ಇದನ್ನು ಹೇಳಿ ನಗುತ್ತಿದ್ದಳು.

ಪರೀಕ್ಷಕರು ಕೈಯೆತ್ತಿ, ಇದು ಕರಾಟೆಯ ಕೂಗಲ್ಲ ಎಂದರು. ಮಾಸ್ಟರು ವೇದಿಕೆ ಹತ್ತಿ, ಅದು ಹೊಟ್ಟೆಯಿಂದ ಬಂತೋ ಇಲ್ಲವೋ ಅಷ್ಟು ಹೇಳಿ ಎಂದು ವಾದಕ್ಕೆ ನಿಂತರು. ಡೋಲು ನಿಂತಿರಲಿಲ್ಲ, ಆದ್ದರಿಂದ ಇಬ್ಬರೂ ಕಿವಿಗೆ ಬಾಯಿಟ್ಟು ವಾದ ಮಾಡಬೇಕಾಯಿತು. ನಿಲ್ಲಿಸಿ ಎಂದು ಪರೀಕ್ಷಕರು ಸನ್ನೆ ಮಾಡಿದರು. ನಾಗಸ್ವರದ ಹಿರಿಯರು ಬಾಯಿಂದ ವಾದ್ಯ ತೆಗೆದು, "ಎತ್ತಿದ ಮ್ಯಾಲೆ ಏನಾದ್ರೂ ಕಟ್ಟೋ ತಂಕ ಇಳಿಸೋ ಹಂಗಿಲ್ಲ ಸ್ವಾಮಿ, ಅಶುಭ" ಎಂದು ಹೇಳಿ ಮತ್ತೆ ಊದತೊಡಗಿದರು.

ಪರೀಕ್ಷಕರು ತಲೆಯ ಮೇಲಿನ ಮಂಡಕ್ಕಿ ಕೊಡವಿಕೊಂಡರು. ಮಂಡಕ್ಕಿ ಇನ್ನೂ ಬೀಳುತ್ತಿತ್ತು. ಕೊನೆಗೆ ತಟ್ಟೆಯಿಂದ ಹಳದಿ ಬೆಲ್ಟು ಎತ್ತಿ ನನ್ನ ಸೊಂಟಕ್ಕೆ ಸುತ್ತಿದರು. ಒಂದು ಗಂಟು ಹಾಕಿ ಕೈ ತೆಗೆದರೆ ತಾಯಂದಿರು ಒಪ್ಪಲಿಲ್ಲ. ಮೂರು ಗಂಟು ಹಾಕಿಸಿದ ಮೇಲೆಯೇ ಡೋಲು ಇಳಿಯಿತು. ಹೆಡ್‌ಮೇಡಂ ಕಣ್ಣು ಒರೆಸಿಕೊಂಡು ಬಂದು, ಏಳನೇ ಕ್ಲಾಸು ನಿಮ್ಮದೇ ಮೇಷ್ಟ್ರೇ, ಪಾಠ ಶುರು ಮಾಡುವಾಗ ಮಾತ್ರ ಬೇರೇನಾದರೂ ಅನ್ನಿ ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಮಾಸ್ಟರ ತಾಯಿ ಒಪ್ಪಲಿಲ್ಲ. ಗಟ್ಟಿಮೇಳದಲ್ಲಿ, ಮೂರು ಗಂಟು ಹಾಕಿ ಕಟ್ಟಿದ ಬೆಲ್ಟು. ಆಷಾಢದಲ್ಲಿ ಅದನ್ನು ಗಂಡನ ಮನೆಗೆ ಕರೆದುಕೊಂಡು ಹೋಗುವುದು ಎಲ್ಲಾದರೂ ಉಂಟೇ, ತಿಂಗಳು ಮುಗಿಯುವ ತನಕ ತವರಿನಲ್ಲೇ ಇರಲಿ ಎಂದು ಬಿಚ್ಚಿಸಿಕೊಂಡು ತಮ್ಮ ದೇವರ ಮನೆಯಲ್ಲಿಟ್ಟರು. ನಾನು ಪಾಸಾದವನು, ಬೆಲ್ಟಿಲ್ಲದೆ ಚಳ್ಳಕೆರೆಗೆ ಬಂದೆ.

ಶ್ರಾವಣ ಹುಟ್ಟಿದ ಮೇಲೆ ಕರೆತರಲು ಹೋದೆವು. ನಾನೊಬ್ಬನೇ ಹೋಗುವ ಹಾಗಿರಲಿಲ್ಲ, ಇಡೀ ಬ್ಯಾಚು ಬಂತು. ಮಾಸ್ಟರ ತಾಯಿ ಬೆಲ್ಟನ್ನು ಮಡಿಸಿ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮಡಿಲಕ್ಕಿ, ಕೊಬ್ಬರಿ, ಬೆಲ್ಲ ಸೇರಿಸಿ ನನ್ನ ಕೈಗೆ ಕೊಟ್ಟರು. ಕೊಡುವಾಗ ಅವರ ಕಣ್ಣು ನಿಜವಾಗಿ ತುಂಬಿತ್ತು.

"ಚೆಂದಾಗಿ ನೋಡ್ಕೊಳ್ರಿ ಮೇಷ್ಟ್ರೇ" ಎಂದರು. "ಅದರ ಮ್ಯಾಲೆ ಕೂಗಾಡ್ಬ್ಯಾಡ್ರಿ."